ದೃಷ್ಟಾಂತದ ಹೊಣೆ

ದೃಷ್ಟಾಂತವು ದೀಪವಿದ್ದಂತೆ ಎಂದು ಹಿರಿಯರು ಹೇಳುವರು. ಆದರೆ ದೀಪವು ಇದ್ದುದನ್ನು ತೋರಿಸುವುದೇ ಹೊರತು ಇಲ್ಲದುದನ್ನು ಉಂಟುಮಾಡದು. ಧರ್ಮವಿಚಾರ ಮಾಡುವವರು ಈ ಭೇದವನ್ನು ಮರೆತರೆ ಅನರ್ಥವಾಗುವುದು.

ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂದು ನೈಯಾಯಿಕರು ಅನುಮಾನವಾಕ್ಯಕ್ಕೆ ಐದು ಅವಯವಗಳನ್ನು ಹೇಳಿದ್ದಾರೆ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವಾಗ ಅಡಿಗೆಮನೆಯು ಉದಾಹರಣೆ. ಅಲ್ಲಿ ನಿರ್ಣಾಯಕವಾದುದು ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿ. ಬೆಟ್ಟವೂ ಅಡಿಗೆಮನೆಯೂ ಬೇರೆ ಹತ್ತು ವಿಷಯಗಳಲ್ಲಿ ಹೋಲಿದರೂ ಬೆಂಕಿ ಸಿದ್ಧವಾಗದು.

ಇಷ್ಟನ್ನು ಬೋಧಿಸುತ್ತಿದ್ದ ನಾನೇ ಒಮ್ಮೆ ತಪ್ಪಿದೆನು. ಪಾಠ ಒಪ್ಪಿಸಲಾರದ ಬಾಲಕನೊಬ್ಬನನ್ನು ಕುರಿತು, “ಕಲ್ಲಿನ ಮೇಲೆ ಮಳೆ ಸುರಿದರೆ ಮೊಳಕೆ ಬಂದೀತೆ?” ಎಂದೆನು. ತರಗತಿಯೆಲ್ಲ ನಕ್ಕಿತು. ಮರುದಿನ ಅವನ ತಂದೆ ಬಂದು, “ಗುರುಗಳೇ, ಹುಡುಗನನ್ನು ಹೊಲಕ್ಕೆ ಹಚ್ಚುತ್ತೇನೆ. ಕಲ್ಲೆಂದು ತಾವೇ ಅಂದಿರಂತೆ” ಎಂದರು. ನನಗೆ ಮಾತು ಹೊರಡಲಿಲ್ಲ. ಕಲ್ಲಿಗೆ ಹಸಿವಿಲ್ಲ, ಅಂಜಿಕೆಯಿಲ್ಲ, ನಾಳೆಯಿಲ್ಲ. ಬಾಲಕನಿಗೆ ಈ ಮೂರೂ ಉಂಟು. ಅವನಿಗೆ ಪಾಠ ಏಕೆ ಹತ್ತಲಿಲ್ಲವೆಂದು ನಾನು ವಿಚಾರಿಸಿಯೇ ಇರಲಿಲ್ಲ. ಉಪಮೆ ಆ ಶ್ರಮವನ್ನು ತಪ್ಪಿಸಿತ್ತು. ಕ್ಷಮೆ ಬೇಡಿ ಅವನನ್ನು ಮರಳಿ ಕರೆತರಲು ತಿಂಗಳು ಹಿಡಿಯಿತು.

ಒಬ್ಬ ಬಾಲಕನಿಗಾದುದು ಸಮಾಜಕ್ಕೂ ಆಗಿದೆ. ಋಗ್ವೇದದ ಪುರುಷಸೂಕ್ತದಲ್ಲಿ ನಾಲ್ಕು ವರ್ಣಗಳಿಗೆ ಮುಖ, ಬಾಹು, ತೊಡೆ, ಪಾದಗಳ ಸಂಬಂಧ ಹೇಳಿದೆ. ಅದನ್ನು ಹಿಡಿದು, ಪಾದವು ತಲೆಯಾಗಲಾರದೆಂದು ವಾದಿಸಿ, ದುಡಿಯುವವರಿಗೆ ವಿದ್ಯೆಯನ್ನು ನಿರಾಕರಿಸಿದವರುಂಟು. ಪಾದಕ್ಕೆ ಪ್ರತ್ಯೇಕ ಮನಸ್ಸಿಲ್ಲ, ಮನುಷ್ಯನಿಗುಂಟು ಎಂಬುದನ್ನು ಅವರು ಎಣಿಸಲಿಲ್ಲ. ಪಾದಕ್ಕೆ ಮುಳ್ಳು ತಾಗಿದರೆ ಕಣ್ಣು ನೀರಿಡುವುದೆಂಬ ಅದೇ ಹೋಲಿಕೆಯ ಇನ್ನೊಂದು ಪಾಲನ್ನೂ ನೆನೆಯಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ದೇಹವನ್ನೇ ಉಪಮೆಗೆ ತೆಗೆದುಕೊಂಡು ಅದನ್ನು ದೇಗುಲವೆಂದರು. ಬಡವನ ಭಕ್ತಿಗೆ ಬಾಗಿಲು ತೆರೆಯಿತು. ಫಲವು ನಮಗೆ ಹಿತವೆಂದು ಇದನ್ನೂ ಪರೀಕ್ಷಿಸದೆ ಬಿಡಲಾಗದು. ಪರೀಕ್ಷಿಸಿದರೆ, ಭಕ್ತಿಗೆ ಧನವು ಕಾರಣವಲ್ಲವೆಂಬ ಹೇತು ಅಲ್ಲಿ ತನ್ನ ಬಲದಿಂದಲೇ ನಿಂತಿದೆ. ಉಪಮೆಯನ್ನು ತೆಗೆದರೂ ಅದು ಬೀಳದು.

ಸದ್ಭಕ್ತರೇ, ಮಗಳನ್ನು ಪರರ ಮನೆಯ ಸಸಿಯೆಂದೋ, ಆಳನ್ನು ಎತ್ತೆಂದೋ ಹೇಳುವ ಮುನ್ನ ಹೋಲಿಕೆ ಎಲ್ಲಿ ಮುಗಿಯುವುದೆಂದು ನೋಡಿರಿ. ಹೋಲಿಸಲ್ಪಟ್ಟವರು ಎದುರಿಗೇ ಕುಳಿತು ಕೇಳುತ್ತಿದ್ದರೆ ಅದೇ ಮಾತನ್ನು ಆಡುವೆವೇ ಎಂದು ಕೇಳಿಕೊಳ್ಳಿರಿ. ಆಡಲಾರೆವಾದರೆ ಆ ದೃಷ್ಟಾಂತವನ್ನು ಬಿಡುವುದೇ ಲೇಸು.