ತಾಲ್ಲೂಕು ವರದಿಗಾರ್ತಿಯ ಕಚೇರಿ

ಕಡೂರು, ತರೀಕೆರೆ, ಅಜ್ಜಂಪುರದ ಯಾವುದಾದರೂ ಪತ್ರಿಕಾಗೋಷ್ಠಿಗೆ ಹೋಗಿ ನೋಡಿ. ಮೇಜಿನ ಆಚೆ ಹೆಂಗಸರು ಕೂತಿರಬಹುದು. 2010ರಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರದು. ಈಚೆ ಪೆನ್ನು, ಮೊಬೈಲು ಹಿಡಿದು ಕೂತವರಲ್ಲಿ ಹೆಚ್ಚಿನವರು ಗಂಡಸರೇ. ಯಾಕೆಂದು ಕೇಳಿದರೆ ಉತ್ತರ ಸಿದ್ಧ: ‘ಹೆಣ್ಮಕ್ಕಳಿಗೆ ಈ ಕೆಲಸ ಒಗ್ಗಲ್ಲ ಬಿಡಿ. ರಾತ್ರಿ ಬೀರೂರು ಹೈವೇಲಿ ಆಕ್ಸಿಡೆಂಟ್ ಆದ್ರೆ ಯಾರು ಹೋಗ್ತಾರೆ?’

ಕಾಳಜಿಯಂತೆ ಕೇಳಿಸುವ ಈ ಮಾತು ನಂಬುವಂಥದ್ದಲ್ಲ. ಬಾಲವಿಧವೆ ನಂಜನಗೂಡು ತಿರುಮಲಾಂಬ ನೂರು ವರ್ಷಕ್ಕೂ ಹಿಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿಕೊಂಡು ಬಂದರು. ಒಗ್ಗಿದ ಕೆಲಸವನ್ನು ಒಗ್ಗದಂತೆ ಮಾಡುವ ವಿಧಾನ ಬೇರೆಯೇ ಇದೆ.

ತಾಲ್ಲೂಕು ವರದಿಗಾರರಲ್ಲಿ ಅನೇಕರಿಗೆ ನೆಟ್ಟಗೆ ಸಂಬಳವಿಲ್ಲ. ಜಾಹೀರಾತು ತಂದರೆ ಕಮಿಷನ್. ಅದಕ್ಕಾಗಿ ಮಂಡಿ, ಮಿಲ್ಲು, ಪುಢಾರಿಗಳ ಮನೆ ಸುತ್ತಬೇಕು. ಸುದ್ದಿ ಕೊಡುವವನೂ ಜಾಹೀರಾತು ಕೊಡುವವನೂ ಎಷ್ಟೋ ಸಲ ಒಬ್ಬನೇ. ಅವನು ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ ಮೇಡಂ’ ಎಂದು ವಾಟ್ಸ್‌ಆ್ಯಪ್ ಕಳಿಸಿದರೆ ಏನು ಮಾಡುವುದು? ಉತ್ತರಿಸಿದರೆ ಸಲಿಗೆ, ಸುಮ್ಮನಿದ್ದರೆ ರಾಜ್ಯೋತ್ಸವದ ಪುರವಣಿಗೆ ಜಾಹೀರಾತಿಲ್ಲ. ಗಂಡಸು ವರದಿಗಾರ ಅದೇ ಮನುಷ್ಯನ ಜೊತೆ ಟೀ ಕುಡಿದು ಸುದ್ದಿ ತರುತ್ತಾನೆ. ವರದಿಗಾರ್ತಿ ಕುಡಿದರೆ ಅವಳೇ ಸುದ್ದಿ. ಇಷ್ಟಾದ ಮೇಲೆ ಅವಳು ಕೆಲಸ ಬಿಟ್ಟು ಕಂಪ್ಯೂಟರ್ ಕ್ಲಾಸಿಗೆ ಸೇರಿದಳೆನ್ನಿ, ‘ಹೇಳಿರಲಿಲ್ವಾ’ ಎನ್ನಲು ಊರೇ ಇದೆ.

2018ರ ಅಕ್ಟೋಬರ್‌ನಲ್ಲಿ ಪತ್ರಕರ್ತೆಯರು ಲೈಂಗಿಕ ಕಿರುಕುಳದ ಬಗ್ಗೆ ಒಬ್ಬೊಬ್ಬರಾಗಿ ಬಾಯಿಬಿಟ್ಟಾಗ, ಹಿಂದೆ ಸಂಪಾದಕರಾಗಿದ್ದ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ತಮ್ಮ ಮೇಲಿನ ಆರೋಪ ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. ಅವರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಪತ್ರಕರ್ತೆ ಪ್ರಿಯಾ ರಮಣಿಯವರನ್ನು 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ಖುಲಾಸೆ ಮಾಡಿತು. ದಶಕಗಳ ಮೇಲೂ ಹೆಣ್ಣು ತನ್ನ ದೂರು ಹೇಳಿಕೊಳ್ಳಬಹುದು ಎಂದಿತು. ರಮಣಿಯವರ ಜೊತೆ ಸಹೋದ್ಯೋಗಿಗಳಿದ್ದರು, ವಕೀಲರಿದ್ದರು, ಇಂಗ್ಲಿಷೂ ಇತ್ತು. ಅಜ್ಜಂಪುರದ ಹುಡುಗಿ ಯಾರಿಗೆ ಹೇಳಬೇಕು?

ತಮಾಷೆಯೆಂದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅವಳನ್ನು ಮರೆತಿಲ್ಲ. ಸಂಬಳವಿರಲಿ ಬಿಡಲಿ, ಅವಳು ಉದ್ಯೋಗಿಯೇ. ಕೆಲಸದ ಮೇಲೆ ಹೋದ ಜಾಗವೆಲ್ಲ ಅವಳ ಕಚೇರಿಯೇ, ಮಿಲ್ಲಿನ ಮಹಡಿಯೂ ಸೇರಿ. ಕಿರುಕುಳ ಕೊಟ್ಟವನು ಹೊರಗಿನವನಾದರೆ ಪೊಲೀಸ್ ದೂರಿಗೆ ನೆರವಾಗುವುದು ಸಂಸ್ಥೆಯ ಹೊಣೆ. ಪತ್ರಿಕೆಯಲ್ಲಿ ಹತ್ತು ಜನರಿಲ್ಲದಿದ್ದರೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ (ಸಣ್ಣ ಪತ್ರಿಕೆಯಲ್ಲಿ ಮಾಲೀಕ, ಸಂಪಾದಕ ಎರಡೂ ಅವನೇ ತಾನೆ) ಜಿಲ್ಲೆಯ ಸ್ಥಳೀಯ ಸಮಿತಿ ಕೇಳಬೇಕು. ಚಿಕ್ಕಮಗಳೂರಿಗೇ ಹೋಗಬೇಕೆಂದಿಲ್ಲ, ತಾಲ್ಲೂಕಿನಲ್ಲೇ ಒಬ್ಬ ನೋಡಲ್ ಅಧಿಕಾರಿ ದೂರು ಪಡೆದು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ದೂರಿಗೆ 3 ತಿಂಗಳ ಅವಧಿ, ಕಾರಣವಿದ್ದರೆ ಇನ್ನೂ 3 ತಿಂಗಳು.

ಯಾವ ಇಲಾಖೆಯಲ್ಲಿ ಯಾವ ಫೈಲು ಎಲ್ಲಿ ಕೂತಿದೆ ಎಂದು ಬಲ್ಲ ವರದಿಗಾರರು ನಮ್ಮಲ್ಲಿದ್ದಾರೆ. ಆ ಅಧಿಕಾರಿ ಯಾರೆಂದು ಅವರು ಪತ್ತೆಹಚ್ಚಲಿ. ಹೆಸರು, ಫೋನ್ ನಂಬರನ್ನು ಮೊದಲು ತಮ್ಮದೇ ಸಂಘದ ಬೋರ್ಡಿನ ಮೇಲೆ ಬರೆಸಲಿ. ಅರ್ಧ ದಿನದ ಕೆಲಸ, ರಾತ್ರಿ ಹೈವೇಗೆ ಹೋಗುವ ಅಗತ್ಯವೂ ಇಲ್ಲ.