ನೆರೆಹೊರೆಯ ಬಣ್ಣ

ನನ್ನ ಹತ್ತಿರ ಇರುವುದು ಹತ್ತು ಮೆಗಾಪಿಕ್ಸೆಲ್‌ನ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. 2009ರ ಹೊತ್ತಿಗೆ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಅತಿ ಅಗ್ಗದ ಸಾಲಿನಲ್ಲಿ ಕೂತಿರುತ್ತಿತ್ತಲ್ಲ, ಅಂಥದ್ದು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ, ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಆ ವರ್ಷಗಳಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು ಹತ್ತು ಕೋಟಿ ಇಂಥ ಕ್ಯಾಮೆರಾಗಳು ಅಂಗಡಿಗೆ ಬರುತ್ತಿದ್ದವು. ಮದುವೆ ಮನೆ, ಶಾಲೆಯ ಪ್ರವಾಸ, ಜೋಗದ ಎದುರಿನ ಕಟಾಂಜನ, ಎಲ್ಲಿ ನೋಡಿದರೂ ಇದನ್ನು ಹಿಡಿದ ಕೈಗಳು. ಆಮೇಲೆ ಫೋನು ಬಂತು, ಇವೆಲ್ಲ ಬೀರು ಸೇರಿದವು. ನನ್ನದು ಮಾತ್ರ ಇನ್ನೂ ಜೇಬಿನಲ್ಲೇ ಇದೆ. ಇದರೊಳಗೆ ಏನು ನಡೆಯುತ್ತದೆ ಎಂದು ತಿಳಿಯುತ್ತ ಹೋದ ಹಾಗೆ ಇದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ.

ಲೆನ್ಸಿನ ಹಿಂದೆ ಒಂದು ಸಿಲಿಕಾನ್ ಚೂರು ಇದೆ. ಅಗಲ ಆರು ಮಿಲಿಮೀಟರಿಗಿಂತ ತುಸು ಹೆಚ್ಚು, ಎತ್ತರ ನಾಲ್ಕೂವರೆ. ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಆ ಜಾಗದಲ್ಲಿ ಒಂದು ಕೋಟಿ ಕೋಣೆಗಳು. ತಲೆಗೂದಲೊಂದನ್ನು ಅದರ ಮೇಲೆ ಅಡ್ಡ ಮಲಗಿಸಿದರೆ ಕೂದಲಿನ ಅಗಲದಲ್ಲೇ ನಲವತ್ತರಷ್ಟು ಕೋಣೆಗಳು ಮುಚ್ಚಿಹೋಗುತ್ತವೆ. ಬೆಳಕು ಬಿಡಿಬಿಡಿ ಕಣಗಳ ಹಾಗೆ ವರ್ತಿಸುತ್ತದೆ, ಒಂದೊಂದು ಕಣವೂ ಒಂದೊಂದು ಎಲೆಕ್ಟ್ರಾನನ್ನು ಬಿಡಿಸಬಲ್ಲದು ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದ. ಆ ಮಾತು ಇಲ್ಲಿ ಒಂದು ಕೋಟಿ ಕಡೆ ಒಟ್ಟಿಗೇ ನಿಜವಾಗುತ್ತದೆ. ಕೋಣೆಯೊಳಗೆ ಬೆಳಕು ಬಿದ್ದಷ್ಟೂ ಎಲೆಕ್ಟ್ರಾನುಗಳು ಸೇರುತ್ತವೆ. ಶಟರ್ ಎಂಬ ಬಾಗಿಲು ಮುಚ್ಚಿದ ಮೇಲೆ ಅವುಗಳನ್ನು ಎಣಿಸಬೇಕು. ಊರಲ್ಲಿ ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೆರೆಯಿಂದ ಕೈಯಿಂದ ಕೈಗೆ ಕೊಡ ದಾಟಿಸುತ್ತಾರಲ್ಲ, ಹಾಗೆ ಪ್ರತಿ ಕೋಣೆ ತನ್ನ ಪಾಲನ್ನು ಪಕ್ಕದ ಕೋಣೆಗೆ ದಾಟಿಸುತ್ತದೆ. ಅಂಚಿನಲ್ಲಿ ಕೂತ ಒಂದು ವಿದ್ಯುತ್ ಮಂಡಲ ಬಂದದ್ದನ್ನೆಲ್ಲ ಅಳೆದು ಬರೆದುಕೊಳ್ಳುತ್ತದೆ. ಒಂದು ಪಾಲೂ ಇನ್ನೊಂದರ ಜೊತೆ ಕಲಸಿಹೋಗುವುದಿಲ್ಲ. ಸಿಸಿಡಿ ಎಂದು ಕರೆಯುವ ಈ ಸಾಧನವನ್ನು ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕಲ್ಪಿಸಿದರು. ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದು ನಲವತ್ತು ವರ್ಷ ಕಳೆದು, 2009ರಲ್ಲಿ. ಆ ಹೊತ್ತಿಗೆ ಅವರು ಕಂಡದ್ದು ಸಂತೆಗೆ ಹೋಗುವವರ ಜೇಬಿನಲ್ಲೂ ಇತ್ತು.

ಅಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುವಾಗ ಒಂದು ಚಿತ್ರ ತೆಗೆಯುತ್ತೇನೆ ಅನ್ನಿ. ಎಂಟು ನಿಮಿಷದ ಹಿಂದೆ ಸೂರ್ಯನಿಂದ ಹೊರಟ ಬೆಳಕು ಅವಳ ಕೆನ್ನೆಯನ್ನು ಮುಟ್ಟಿ, ಅಲ್ಲಿಂದ ತಿರುಗಿ, ಈ ಚೂರಿನೊಳಗೆ ಬಂದು ಮುಗಿಯುತ್ತದೆ. ಆ ಬೆಳಕು ಇನ್ನೆಲ್ಲಿಗೂ ಹೋಗುವುದಿಲ್ಲ. ಚಿತ್ರ ಎಂದರೆ ಹೋಲಿಕೆ ಎಂದು ನಾವು ಅಂದುಕೊಳ್ಳುತ್ತೇವೆ. ನನಗಂತೂ ಅದು ಸ್ಪರ್ಶದ ಲೆಕ್ಕ.

ರಾತ್ರಿ ಈ ಕ್ಯಾಮೆರಾ ಮಾಡುವ ಒಂದು ಕೆಲಸ ನನಗೆ ಬಲು ಇಷ್ಟ. ಇದರ ಬಾಗಿಲನ್ನು ಹದಿನೈದು ಸೆಕೆಂಡು ತೆರೆದಿಡಬಹುದು. ಕಾಂಪೌಂಡ್ ಗೋಡೆಯ ಮೇಲೆ ಮುಖ ಮೇಲೆ ಮಾಡಿ ಇಟ್ಟು, ಕೈ ತಾಗಿ ಅಲುಗದ ಹಾಗೆ ಟೈಮರ್ ಹಾಕಿ, ದೂರ ಸರಿದು ನಿಲ್ಲುತ್ತೇನೆ. ಹದಿನೈದು ಸೆಕೆಂಡಾದ ಮೇಲೂ ಪರದೆಯ ಮೇಲೆ ಚಿತ್ರ ಬರುವುದಿಲ್ಲ. ಇನ್ನೂ ಅಷ್ಟೇ ಹೊತ್ತು ಅದು ಏನೋ ಮಾಡುತ್ತಿರುತ್ತದೆ. ವಿಷಯ ಇಷ್ಟು: ಬೆಳಕು ಮುಟ್ಟದಿದ್ದರೂ ಬರೀ ಶಾಖಕ್ಕೇ ಸಿಲಿಕಾನಿನಲ್ಲಿ ಕೆಲವು ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ನಕ್ಷತ್ರ ಬಿಡಿಸಿದ್ದು ಯಾವುದು, ತನ್ನದೇ ಮೈಬಿಸಿ ಬಿಡಿಸಿದ್ದು ಯಾವುದು ಎಂದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಅದು ಬಾಗಿಲು ಮುಚ್ಚಿಕೊಂಡು, ಅಷ್ಟೇ ಹೊತ್ತು, ತನ್ನೊಳಗಿನ ಕತ್ತಲೆಯ ಒಂದು ಚಿತ್ರ ತೆಗೆದುಕೊಳ್ಳುತ್ತದೆ. ಆಮೇಲೆ ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತದೆ. ಉಳಿದದ್ದು ಆಕಾಶ. ಚಳಿಗಾಲದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ನಡುವೆ ಒಂದು ಮಸುಕು ಗುಲಾಬಿ ಚುಕ್ಕೆ ಹೀಗೆ ಉಳಿಯುತ್ತದೆ. ಅದು ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರದ್ದು. ಅಲ್ಲಿಂದ ಆ ಬೆಳಕು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಆದರೆ ಈ ಸಿಲಿಕಾನಿಗೆ ಬಣ್ಣ ತಿಳಿಯದು. ಎಷ್ಟು ಎಲೆಕ್ಟ್ರಾನು ಬಂದವು ಎಂಬುದು ಗೊತ್ತು, ಕೆಂಪು ಬೆಳಕಿಗೆ ಬಂದವೋ ಹಸಿರಿಗೆ ಬಂದವೋ ಎಂಬುದು ಗೊತ್ತಿಲ್ಲ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಇದಕ್ಕೊಂದು ದಾರಿ ಕಂಡುಕೊಂಡ. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಪ್ರತಿ ಕೋಣೆಯ ಮೇಲೂ ಒಂದೊಂದು ಬಣ್ಣದ ಜರಡಿ: ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಎರಡಕ್ಕೆ ಹಸಿರು. ನಮ್ಮ ಕಣ್ಣು ಹಸಿರಿನ ಆಸುಪಾಸಿನ ಬೆಳಕಿಗೇ ಹೆಚ್ಚು ಸೂಕ್ಷ್ಮ, ಅದಕ್ಕೇ ಹಸಿರಿಗೆ ಎರಡು ಪಾಲು. ಹಾಗಾಗಿ ನನ್ನ ಕ್ಯಾಮೆರಾದ ಒಂದು ಕೋಟಿ ಕೋಣೆಗಳಲ್ಲಿ ಐವತ್ತು ಲಕ್ಷ ಹಸಿರನ್ನು ಮಾತ್ರ ಬಲ್ಲವು, ಇಪ್ಪತ್ತೈದು ಲಕ್ಷ ಕೆಂಪನ್ನು ಮಾತ್ರ, ಇನ್ನುಳಿದವು ನೀಲಿಯನ್ನು ಮಾತ್ರ. ಆದರೂ ಚಿತ್ರದ ಪ್ರತಿ ಚುಕ್ಕೆಗೂ ಮೂರೂ ಬಣ್ಣದ ಅಳತೆ ಬೇಕು. ಇಲ್ಲದ ಎರಡನ್ನು ಎಲ್ಲಿಂದ ತರುವುದು? ಪಕ್ಕದವರನ್ನು ಕೇಳಿ. ಹಸಿರು ಕೋಣೆ ತನ್ನ ಅಕ್ಕಪಕ್ಕದ ಕೆಂಪು, ನೀಲಿ ಕೋಣೆಗಳ ಲೆಕ್ಕ ನೋಡಿ, ತನ್ನಲ್ಲೂ ಸುಮಾರು ಇಷ್ಟೇ ಇದ್ದಿರಬೇಕು ಎಂದು ಊಹಿಸುತ್ತದೆ.

ಇದನ್ನು ಮೊದಲ ಸಲ ತಿಳಿದಾಗ ನಾನು ಎದ್ದು ಓಡಾಡಿದೆ. ನಾವು ನೋಡುವ ಡಿಜಿಟಲ್ ಚಿತ್ರಗಳಲ್ಲಿ ಹೆಚ್ಚಿನವುಗಳ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಯಾರೂ ಅಳೆದದ್ದಲ್ಲ. ಅಮ್ಮನ ಹಣೆಯ ಕುಂಕುಮದ ಕೆಂಪು, ಹಿತ್ತಲಿನ ದಾಸವಾಳ, ಮೊಮ್ಮಕ್ಕಳ ಅಂಗಿ, ಎಲ್ಲದರಲ್ಲೂ ಕಂಡದ್ದು ಒಂದು ಪಾಲು, ನೆರೆಹೊರೆಯ ಮಾತಿನ ಮೇಲೆ ನಂಬಿದ್ದು ಎರಡು ಪಾಲು. ಅಷ್ಟಾಗಿಯೂ ಆ ಕುಂಕುಮ ಅವಳ ಕುಂಕುಮವೇ, ನೋಡಿದ ಕೂಡಲೇ ಗುರುತು ಸಿಗುತ್ತದೆ.

ಈ ಕ್ಯಾಮೆರಾದ ಬೆನ್ನ ಮೇಲೆ ಹೂವಿನ ಗುರುತಿನ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಲೆನ್ಸಿನ ಮೂತಿಯಿಂದ ಬೆರಳಗಲದಷ್ಟು ದೂರದಲ್ಲಿರುವುದೂ ನಿಚ್ಚಳವಾಗಿ ಕಾಣುತ್ತದೆ. ಸಿಲಿಕಾನ್ ಚೂರು ಪುಟ್ಟದಾಗಿರುವುದರಿಂದಲೇ ಲೆನ್ಸೂ ಪುಟ್ಟದು, ಪುಟ್ಟದಾದ್ದರಿಂದಲೇ ಅಷ್ಟು ಹತ್ತಿರ ಹೋಗಬಲ್ಲದು. ದೊಡ್ಡ ಕ್ಯಾಮೆರಾದವರು ಇದಕ್ಕಾಗಿ ಬೇರೆಯೇ ಲೆನ್ಸ್ ಕೊಳ್ಳಬೇಕಾಗುತ್ತದೆ. ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ನಿಂಬೆ ಚಿಟ್ಟೆಯ ಹುಳುಗಳು ಬೆಳೆಯುತ್ತವೆ. ಕೋಶ ಒಡೆದು ಹೊರಬಂದ ಚಿಟ್ಟೆ ಒಂದಷ್ಟು ಹೊತ್ತು ರೆಕ್ಕೆ ಒಣಗಿಸಿಕೊಳ್ಳುತ್ತ ಅಲ್ಲೇ ಜೋತು ಬಿದ್ದಿರುತ್ತದೆ, ಹಾರಲಾರದು. ಉಸಿರು ತಾಗದ ಹಾಗೆ ಕ್ಯಾಮೆರಾವನ್ನು ಅದರ ಬದಿಗೆ ಒಯ್ದು ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ರೆಕ್ಕೆ ಎಂಬುದು ಬಟ್ಟೆಯಂತೆ ಒಂದೇ ಹರವಾಗಿ ಉಳಿಯಲಿಲ್ಲ. ಸಾಲುಸಾಲಾಗಿ ಹೊದಿಸಿದ ಹುರುಪೆಗಳು. ಕಪ್ಪು ಹುರುಪೆ ಪೂರ್ತಿ ಕಪ್ಪು, ಹಳದಿಯದು ಪೂರ್ತಿ ಹಳದಿ. ರೆಕ್ಕೆಯ ಬುಡದಲ್ಲಿ ಹಳದಿ ಪುಡಿ ಉದುರಿಸಿದ ಹಾಗೆ ಬರಿಗಣ್ಣಿಗೆ ಕಾಣುವ ಜಾಗದಲ್ಲಿ ಕಪ್ಪಿನ ನಡುನಡುವೆ ಬಿಡಿ ಹಳದಿ ಹುರುಪೆಗಳು ಕೂತಿದ್ದವು. ಚಿಟ್ಟೆಯೂ ಬಣ್ಣವನ್ನು ಕೋಣೆ ಕೋಣೆಯಾಗಿ ಇಟ್ಟಿದೆ, ಅದನ್ನು ನೋಡುತ್ತಿರುವ ಯಂತ್ರವೂ ಕೋಣೆ ಕೋಣೆಯಾಗಿ ಪಡೆದಿದೆ. ಎರಡೂ ಕಡೆ ಒಂದು ಕೋಣೆಗೆ ಒಂದೇ ಬಣ್ಣ, ಮಿಶ್ರಣವೆಲ್ಲ ನೋಡುವವರ ಪಾಲಿನದು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ಗೊತ್ತು. ಆದರೂ ಆ ಹೊತ್ತು ಎರಡು ಒಂದೇ ಕುಲದ ವಸ್ತುಗಳು ಎದುರುಬದುರು ಕೂತಂತೆ ಅನಿಸಿದ್ದು ಸುಳ್ಳಲ್ಲ.

ನೆರೆಹೊರೆಯ ಊಹೆ ಎಲ್ಲ ಕಡೆ ಫಲಿಸುವುದಿಲ್ಲ. ಅಮ್ಮನದೊಂದು ಇಳಕಲ್ ಸೀರೆ ಇದೆ, ಒಡಲ ತುಂಬ ಸಣ್ಣ ಸಣ್ಣ ಚೌಕಳಿ. ಇಷ್ಟೇ ದೂರ ಎಂಬಂಥ ಒಂದು ಜಾಗದಲ್ಲಿ ನಿಂತು ತೆಗೆದರೆ ಆ ಚೌಕಳಿಯ ಮೇಲೆ ತಿಳಿಹಳದಿ, ನೇರಳೆ ಅಲೆಗಳು ಹರಿದಾಡುತ್ತವೆ. ನೇಯ್ದವರು ಇಟ್ಟ ಬಣ್ಣಗಳಲ್ಲ ಅವು. ಎರಡು ಹೆಜ್ಜೆ ಮುಂದೆ ಹೋದರೆ ಮಾಯ. ಎಳೆಗಳ ಸಾಲು ಕೋಣೆಗಳ ಸಾಲಿನಷ್ಟೇ ಸಣ್ಣದಾದಾಗ ಒಂದು ಕೋಣೆಯ ಪಾಲಿಗೆ ಬಂದದ್ದು ಪಕ್ಕದ್ದಕ್ಕೆ ಬರುವುದಿಲ್ಲ. ಆಗ ಪಕ್ಕದ್ದನ್ನು ಕೇಳಿ ಕಟ್ಟಿದ ಊಹೆ ತಪ್ಪುತ್ತದೆ. ಈ ತಪ್ಪನ್ನು ಕಂಡ ಮೇಲೆಯೇ ಉಳಿದೆಲ್ಲ ಕಡೆ ಊಹೆ ಹೇಗೆ ಸರಿಯಾಗುತ್ತಿದೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು.

ಅದಕ್ಕೆ ಉತ್ತರದ ಒಂದು ಎಳೆ ಬೆಂಗಳೂರಿನಿಂದ ಹೊರಟಿದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲೇ ಪ್ರಾಧ್ಯಾಪಕರಾದರು. ಚಿತ್ರವೊಂದನ್ನು ಅಂಕಿಗಳಾಗಿ ಬರೆದರೆ ಬೆಟ್ಟದಷ್ಟಾಗುತ್ತದೆ, ಅದನ್ನು ಕಿರಿದಾಗಿಸುವುದು ಹೇಗೆ ಎಂಬುದು ಅವರ ಯೋಚನೆ. 1972ರಲ್ಲಿ ಅವರು ಒಂದು ದಾರಿ ಸೂಚಿಸಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಬರೆದರು. ತೀರಾ ಸರಳವಾಗಿದೆ ಎನ್ನುವ ಕಾರಣಕ್ಕೆ ಧನಸಹಾಯ ಸಿಗಲಿಲ್ಲ. ಅವರು ಬಿಡಲಿಲ್ಲ. 1973ರ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದೆ ಕೂತು ಕೆಲಸ ಮಾಡಿದರು. ಟಿ. ನಟರಾಜನ್, ಕೆ. ಆರ್. ರಾವ್ ಅವರ ಜೊತೆ ಸೇರಿ 1974ರ ಜನವರಿಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಲೆಕ್ಕವೇ 1992ರಲ್ಲಿ ಚಿತ್ರಗಳನ್ನು ಕಿರಿದಾಗಿಸಿಡುವ ವಿಧಾನವಾದ ಜೆಪೆಗ್‌ಗೆ ಬುನಾದಿಯಾಯಿತು. ನನ್ನ ಕ್ಯಾಮೆರಾ ತೆಗೆದ ಚಿತ್ರವೆಲ್ಲ ಅದರಲ್ಲಿ ಹಾದೇ ಕಾರ್ಡು ಸೇರುತ್ತದೆ. ಅವರು ಹುಟ್ಟಿದ ಊರಿನಲ್ಲಿ ದಿನಕ್ಕೆ ಎಷ್ಟು ಚಿತ್ರಗಳು ಒಬ್ಬರಿಂದೊಬ್ಬರಿಗೆ ಹೋಗುತ್ತವೋ, ಆ ಹೆಸರು ಮಾತ್ರ ನಮ್ಮ ಬಾಯಲ್ಲಿಲ್ಲ. ಪಠ್ಯಪುಸ್ತಕದಲ್ಲಿ ಇರಬೇಕಾದ ಹೆಸರು ಅದು.

ಆ ಲೆಕ್ಕದ ಬಗೆ ಹೀಗೆ. ಚಿತ್ರವನ್ನು ಎಂಟೆಂಟರ ಚೌಕಗಳಾಗಿ ಕತ್ತರಿಸು. ಪ್ರತಿ ಚೌಕದ ಅರವತ್ನಾಲ್ಕು ಅಂಕಿಗಳನ್ನು ಅರವತ್ನಾಲ್ಕು ಅಲೆಗಳ ಮೊತ್ತವಾಗಿ ಬರೆ. ಕೆಲವು ಅಲೆ ನಿಧಾನಕ್ಕೆ ಏರಿಳಿಯುವಂಥವು, ಕೆಲವು ತೀರಾ ಚುರುಕು. ಬರೆದು ನೋಡಿದರೆ ಚೌಕದ ಬಹುಪಾಲು ಸತ್ವ ನಿಧಾನದ ಅಲೆಗಳಲ್ಲೇ ಇರುತ್ತದೆ. ಚುರುಕಿನವು ಇದ್ದೂ ಇಲ್ಲದಂತೆ, ಅವನ್ನು ಬಿಟ್ಟರೆ ಕಣ್ಣು ಕೇಳುವುದೇ ಇಲ್ಲ. ಮೂರು ಕೋಟಿ ಅಂಕಿಗಳ ಚಿತ್ರ ಅದರ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಇದನ್ನು ಕಾಣಲು ಗಣಿತವೂ ಬೇಡ, ಕ್ಯಾಮೆರಾ ಒಂದಿದ್ದರೆ ಸಾಕು. ಧಾರವಾಡದ ಕೆಲಗೇರಿ ಕೆರೆಯ ಮೇಲೆ ಚಳಿಗಾಲದಲ್ಲಿ ಮಂಜು ಕೂತಾಗ ತೆಗೆದ ಚಿತ್ರವೊಂದು ಕಾರ್ಡಿನಲ್ಲಿ ಒಂದೂಕಾಲು ಎಂಬಿ ಜಾಗ ಹಿಡಿದಿದೆ. ಅದೇ ದಂಡೆಯಲ್ಲಿ, ಅದೇ ಕ್ಯಾಮೆರಾದಲ್ಲಿ, ಮಳೆ ನಿಂತ ಮೇಲೆ ಬಗ್ಗಿ ತೆಗೆದ ಹುಲ್ಲಿನ ಚಿತ್ರ ಐದು ಎಂಬಿ ಹತ್ತಿರ. ಎರಡರಲ್ಲೂ ಚುಕ್ಕೆಗಳು ಒಂದೇ ಕೋಟಿ. ಮಂಜಿನಲ್ಲಿ ಒಂದು ಚುಕ್ಕೆಯನ್ನು ಕಂಡರೆ ಪಕ್ಕದ್ದನ್ನು ಬಹುಮಟ್ಟಿಗೆ ಹೇಳಿಬಿಡಬಹುದು. ಹುಲ್ಲಿನಲ್ಲಿ ಪ್ರತಿ ಗರಿಯೂ, ಗರಿಯ ಮೇಲಿನ ಪ್ರತಿ ಹನಿಯೂ ತನ್ನದೇನನ್ನೋ ಹೇಳುತ್ತದೆ, ಅಷ್ಟನ್ನೂ ಬರೆದುಕೊಳ್ಳಬೇಕು. ಹೀಗೆ ಕಡತದ ಗಾತ್ರವನ್ನು ನೋಡುತ್ತ ಕೂರುವುದು ನನಗೆ ಅಭ್ಯಾಸವಾಗಿದೆ. ನುಣ್ಣನೆಯ ಕಂಚಿನ ತಂಬಿಗೆ ಕಡಿಮೆ, ಹುಣಸೆಮರದ ತೊಗಟೆ ಜಾಸ್ತಿ. ಎಳೆಗೂಸಿನ ಮುಖ ಕಡಿಮೆ, ಅಮ್ಮನದು ಅದಕ್ಕಿಂತ ಜಾಸ್ತಿ. ವಯಸ್ಸು ಮುಖದ ಮೇಲೆ ಬರೆದದ್ದನ್ನು ಯಂತ್ರವೂ ಬಿಡದೆ ಬರೆದುಕೊಂಡಿದೆ.

ಒಂದು ಕೋಟಿ ಚುಕ್ಕೆಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿ ಎಷ್ಟು ಬಗೆಯ ಚಿತ್ರ ಮಾಡಬಹುದು ಎಂದು ಲೆಕ್ಕ ಹಾಕಿದರೆ ಆ ಸಂಖ್ಯೆಗೆ ಕೊನೆಮೊದಲಿಲ್ಲ. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಳೆಯ ಟಿವಿಯಲ್ಲಿ ಚಾನೆಲ್ ಹೋದಾಗ ಕಾಣುತ್ತಿದ್ದ ಕಪ್ಪುಬಿಳುಪು ಚುಕ್ಕೆಗಳ ಗಲಿಬಿಲಿ. ಅಂಥದ್ದನ್ನು ಯಾವ ಜೆಪೆಗ್ಗೂ ಅಷ್ಟೇನೂ ಕಿರಿದಾಗಿಸಲಾರದು, ಯಾವ ನೆರೆಯೂ ಊಹಿಸಲಾರದು. ನಮ್ಮ ಲೋಕ ಆ ಅಪಾರದ ಒಂದು ಸಣ್ಣ ಮೂಲೆಯಲ್ಲಿ ಮಾತ್ರ ವಾಸವಾಗಿದೆ. ಇಲ್ಲಿ ಕೆನ್ನೆಯ ಪಕ್ಕದಲ್ಲಿ ಕೆನ್ನೆಯೇ ಇದೆ, ನೀರಿನ ಪಕ್ಕದಲ್ಲಿ ನೀರು. ಒಂದು ಜೀವಕೋಶ ಒಡೆದು ತನ್ನಂಥದ್ದನ್ನೇ ಪಕ್ಕದಲ್ಲಿ ಬೆಳೆಸುತ್ತದೆ, ಕೆಸರು ನೀರಿನಡಿಯಲ್ಲಿ ಪದರ ಪದರವಾಗಿ ಕೂರುತ್ತದೆ, ನೆರಳು ಮೆಲ್ಲಗೆ ಬಿಸಿಲಿಗೆ ತಿರುಗುತ್ತದೆ. ಇದೊಂದು ಗುಣ ಲೋಕಕ್ಕೆ ಇಲ್ಲದಿದ್ದರೆ ಬೇಯರನ ಜರಡಿ ಬಣ್ಣ ಕೊಡುತ್ತಿರಲಿಲ್ಲ, ಅಹ್ಮದರ ಲೆಕ್ಕ ಏನನ್ನೂ ಉಳಿಸುತ್ತಿರಲಿಲ್ಲ, ನಮ್ಮ ಕಣ್ಣೂ ಬಹುಶಃ ಹುಟ್ಟುತ್ತಿರಲಿಲ್ಲ. ಕೆಲವು ಸಾವಿರ ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದು ಪ್ರತಿ ಸಲ ಕ್ಲಿಕ್ ಎಂದಾಗಲೂ ಈ ಗುಣದ ಮೇಲೆ ಭಾರ ಹಾಕುತ್ತದೆ, ಲೋಕ ಆ ಭಾರವನ್ನು ಹೊರುತ್ತದೆ.

ಈಗಿನ ಫೋನುಗಳು ಒಂದು ಒತ್ತಿಗೆ ಹಲವು ಚಿತ್ರ ತೆಗೆದು, ಬೆರೆಸಿ, ತಿದ್ದಿ ಒಂದನ್ನು ಕೊಡುತ್ತವೆ. ಅದೂ ದೊಡ್ಡ ವಿದ್ಯೆಯೇ. ಆದರೆ ನನಗೆ ಹಗಲಿನ ಆ ಒಂದೇ ಗಳಿಗೆಯ ಬೆಳಕು, ಒಂದೇ ಸಲ ಎಣಿಸಿದ್ದು, ಹೆಚ್ಚು ಪ್ರಿಯ. ಅಮ್ಮನ ಕೆನ್ನೆಯಿಂದ ಬಂದದ್ದಕ್ಕೂ ಕಾರ್ಡಿನಲ್ಲಿ ಇರುವುದಕ್ಕೂ ನಡುವೆ ಎಷ್ಟು ಮೆಟ್ಟಿಲು ಎಂದು ಬೆರಳು ಮಡಚಿ ಹೇಳಬಲ್ಲೆ.

ಕೊನೆಯ ಮೆಟ್ಟಿಲೂ ಎಲೆಕ್ಟ್ರಾನುಗಳದ್ದೇ. ಕಾರ್ಡಿನೊಳಗೆ ಸುತ್ತಲೂ ಬಂದೋಬಸ್ತಾದ ಪುಟಾಣಿ ದ್ವೀಪಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಲಾಗುತ್ತದೆ. ಕರೆಂಟು ಇಲ್ಲದಿದ್ದರೂ ಅವು ಅಲ್ಲೇ ಇರುತ್ತವೆ. ಜಪಾನಿನ ಫುಜಿಯೊ ಮಸುಒಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಇದು. ಆದರೆ ಆ ಕಾವಲು ಶಾಶ್ವತವಲ್ಲ, ವರ್ಷಗಟ್ಟಲೆ ಕಾರ್ಡನ್ನು ಮುಟ್ಟದೆ ಇಟ್ಟರೆ ಎಲೆಕ್ಟ್ರಾನುಗಳು ಒಂದೊಂದಾಗಿ ಸೋರಿಹೋಗುತ್ತವೆ. ಅದಕ್ಕೇ ದೀಪಾವಳಿಯ ಹೊತ್ತಿಗೆ ಮನೆ ತೊಳೆಯುವಾಗ ಕಾರ್ಡುಗಳನ್ನೆಲ್ಲ ಹೊರತೆಗೆದು ಎರಡೆರಡು ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತೇನೆ. ಅಮ್ಮ ಪಕ್ಕದಲ್ಲಿ ಕೂತು ಪರದೆ ನೋಡುತ್ತಾಳೆ. ಕೆರೆಯ ಮಂಜು ಬೇಗ ಬೇಗ ಸಾಗುತ್ತದೆ. ಹುಲ್ಲಿನ ಸರದಿ ಬಂದಾಗ ಪಟ್ಟಿ ನಿಧಾನವಾಗುತ್ತದೆ, ಇದು ಯಾಕೋ ತಡ ಅನ್ನುತ್ತಾಳೆ, ನಾನು ಹನಿಗಳ ವಿಷಯ ಹೇಳಲು ಶುರು ಮಾಡುತ್ತೇನೆ.