ಮಲಗಿ ತುಳಿದ ಸೈಕಲ್

ನಮ್ಮ ಸೋದರಮಾವ ತಿಂಗಳೊಪ್ಪತ್ತು ಹಾಸಿಗೆ ಹಿಡಿದು ಎದ್ದಿದ್ದ. ಕಾಲಿನ ಕಸುವು ಮರಳಲಿ ಎಂದು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಹೇಳಿದ್ದರು. ಮಂಚದ ಕಾಲ್ದೆಸೆಗೆ ಎರಡು ಪೆಡಲಿನ ಪುಟ್ಟ ಯಂತ್ರ. ಅಂಗಾತ ಮಲಗಿ ಅದನ್ನು ತುಳಿಯಬೇಕು. ಮಾಮ ಮಾನ್ವಿ ತಾಲ್ಲೂಕಿನ ಹಳ್ಳಿಯವ. ಹರೆಯದಲ್ಲಿ ಕ್ಯಾರಿಯರ್‌ಗೆ ಗೊಬ್ಬರದ ಚೀಲ ಬಿಗಿದುಕೊಂಡು ಮಾನ್ವಿ ಪೇಟೆಯಿಂದ ಹೊಲದವರೆಗೆ ಸೈಕಲ್ ಹೊಡೆದವ. ಈಗ ನಾಲ್ಕು ನಿಮಿಷಕ್ಕೆ ಕಾಲು ನಿಲ್ಲಿಸಿಬಿಟ್ಟ.

“ಕುರ್ಚಿ ಮ್ಯಾಲ ಕುಂತು ತುಳಿದ್ರ ಹತ್ತು ನಿಮಿಷ ಏನೂ ಅನಸಂಗಿಲ್ಲ. ಮಕ್ಕೊಂಡು ತುಳಿದ್ರ ತೊಡಿ ಸುಟ್ಟಂಗ ಆಗ್ತೈತಿ. ಮಷೀನೂ ಅದ ಐತಿ, ಕಾಲೂ ಅವ ಅದಾವ. ಯಾಕ ತಮ್ಮಾ?”

ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟು ದಿನ ಬಿಸಿಲಲ್ಲಿ ನಡೆದೂ, ಏರು ಹತ್ತಿಯೂ, ಮಲಗಿ ಎದ್ದೂ ನನಗೆ ಹೊಳೆಯದ ಪ್ರಶ್ನೆ ಅದು. ಮಲಗುವುದೆಂದರೆ ವಿಶ್ರಾಂತಿ ಅಲ್ಲವೇ? ಮೈಯ ಭಾರವನ್ನೆಲ್ಲ ಮಂಚ ಹೊತ್ತುಕೊಂಡಿರುವಾಗ ಕಾಲಿಗೆ ಕೆಲಸ ಹಗುರಾಗಬೇಕು. ಆದರೆ ಅದು ಭಾರವಾಗುತ್ತದೆ.

ಉತ್ತರ ಬೇಕಾದರೆ ದುಡಿಯುವ ಸ್ನಾಯುವಿಗೆ ಆಮ್ಲಜನಕ ಸಾಲುತ್ತಿದೆಯೇ ಎಂದು ನೋಡಬೇಕು. ಮಾಂಸಖಂಡದೊಳಗಿನ ಆಮ್ಲಜನಕವನ್ನು ಸೂಜಿ ಚುಚ್ಚದೆ ನೋಡುವ ದಾರಿಯೊಂದಿದೆ. ಕತ್ತಲಲ್ಲಿ ಟಾರ್ಚಿನ ಮೇಲೆ ಅಂಗೈ ಮುಚ್ಚಿದರೆ ಬೆರಳಂಚು ಕೆಂಡದಂತೆ ಕೆಂಪಗೆ ಹೊಳೆಯುವುದನ್ನು ನಾವೆಲ್ಲ ಬಾಲ್ಯದಲ್ಲಿ ನೋಡಿದ್ದೇವೆ. ಬೇರೆ ಬಣ್ಣಗಳನ್ನು ಮೈ ನುಂಗಿಕೊಂಡು ಕೆಂಪನ್ನಷ್ಟೇ ಹೊರಗೆ ಬಿಡುತ್ತದೆ. ಕೆಂಪಿನಾಚೆಗಿನ, ಕಣ್ಣಿಗೆ ಕಾಣದ ಬೆಳಕು ಇನ್ನೂ ಸಲೀಸಾಗಿ ಹಾದುಹೋಗುತ್ತದೆ. ಆಮ್ಲಜನಕ ಹೊತ್ತ ರಕ್ತ ಆ ಬೆಳಕನ್ನು ಹೀರುವ ರೀತಿ ಬೇರೆ, ಇಳಿಸಿ ಬಂದ ರಕ್ತದ ರೀತಿ ಬೇರೆ. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ಈ ಬೆಳಕಿನಿಂದಲೇ ಜೀವಂತ ಮೆದುಳು, ಹೃದಯಗಳ ಆಮ್ಲಜನಕವನ್ನು ಹೊರಗಿನಿಂದ ಗಮನಿಸಬಹುದೆಂದು ತೋರಿಸಿದ. ಈಗ ಸೈಕಲ್ ತುಳಿಯುವವರ ತೊಡೆಗೆ ಬೆಂಕಿಪೊಟ್ಟಣದಷ್ಟು ಉಪಕರಣ ಕಟ್ಟಿ ಒಳಗಿನ ಕೊಡುಕೊಳ್ಳುವಿಕೆಯನ್ನು ಕ್ಷಣಕ್ಷಣಕ್ಕೂ ನೋಡುತ್ತಾರೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇದರದೇ ಬಳಗ. ಅದರ ತತ್ವ ಕಂಡುಹಿಡಿದ ಜಪಾನಿನ ತಕುವೊ ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಇಡೀ ಲೋಕ ಆ ಪುಟ್ಟ ಕೆಂಪು ದೀಪವನ್ನು ದಿಟ್ಟಿಸುತ್ತಿದ್ದಾಗ. ಆ ಕೊರೋನಾ ಕಾಲದಲ್ಲೇ ನಾವು ಇನ್ನೊಂದು ಪಾಠವನ್ನೂ ಕಲಿತಿದ್ದೆವು. ಅಂಕಿ 94ಕ್ಕಿಂತ ಕೆಳಗಿಳಿದರೆ ಬೋರಲು ಮಲಗಿ ಎಂದು ಹೇಳುತ್ತಿದ್ದರು. ಮಗ್ಗುಲು ಬದಲಿಸಿದ್ದಕ್ಕೇ ಎಷ್ಟೋ ಮಂದಿಗೆ ಉಸಿರು ದಕ್ಕಿತು. ಮೈ ಇರುವ ಭಂಗಿಗೂ ಆಮ್ಲಜನಕಕ್ಕೂ ನಂಟಿದೆಯೆಂದು ಅಂದೇ ನನಗೆ ತಿಳಿಯಬೇಕಿತ್ತು.

ತೊಡೆಗೆ ಉಪಕರಣ ಕಟ್ಟಿ ನೋಡಿದವರು ಕಂಡದ್ದು ಮಾಮ ಹೇಳಿದ್ದನ್ನೇ. ಅಷ್ಟೇ ಭಾರದ ಪೆಡಲನ್ನು ಮಲಗಿ ತುಳಿಯುವಾಗ ಸ್ನಾಯುವಿನೊಳಗಿನ ಆಮ್ಲಜನಕ ಹೆಚ್ಚು ಆಳಕ್ಕೆ ಇಳಿಯುತ್ತದೆ. ಬಂದ ರಕ್ತ ಸಾಲದೆ ಸ್ನಾಯು ಅದರಲ್ಲಿದ್ದುದನ್ನೇ ಇನ್ನಷ್ಟು ಹಿಂಡಿಕೊಳ್ಳುತ್ತದೆ. ದೇಹದ ಆಮ್ಲಜನಕ ಬಳಕೆ ಬೇಕಾದ ಮಟ್ಟಕ್ಕೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ, ದಣಿವು ಬೇಗ ಬರುತ್ತದೆ.

ಯಾಕೆ ಎಂಬುದಕ್ಕೆ ಮಾಮನಿಗೆ ಪುಸ್ತಕದ ಮಾತು ಬೇಕಾಗಲಿಲ್ಲ, ಅವನ ಸೀಮೆಯ ಕಾಲುವೆಯೇ ಸಾಕಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಮಾನ್ವಿ, ರಾಯಚೂರು ಕಡೆಯ ಹೊಲಗಳು ಅದರ ಕೊನೆಭಾಗ. ಅಲ್ಲಿನ ರೈತನ ಬಾಯಲ್ಲಿ ದಿನ ಬೆಳಗಾದರೆ ಬರುವ ಮಾತು ಗೇಜ್, ಎಂದರೆ ಕಾಲುವೆಯ ನೀರಿನ ಎತ್ತರ. ಮೈಲ್ 69ರಲ್ಲಿ ಎಷ್ಟು ಅಡಿ, ಮೈಲ್ 104ರಲ್ಲಿ ಎಷ್ಟು ಅಡಿ. ಕಾಲುವೆಯಲ್ಲಿ ನೀರು ಹರಿಯುತ್ತಿದ್ದರಷ್ಟೇ ಸಾಲದು, ಅದು ಎತ್ತರ ಹಿಡಿದು ನಿಲ್ಲಬೇಕು. ಎತ್ತರವಿಲ್ಲದ ನೀರು ತೂಬಿನ ಬಾಯಿಗೆ ಮುಟ್ಟದೆ ಸಪ್ಪಗೆ ಸಾಗಿಹೋಗುತ್ತದೆ; ಭತ್ತ ನಿಂತಲ್ಲೇ ಒಣಗುತ್ತದೆ. ಮೈಯೊಳಗೂ ಹಾಗೆಯೇ. ನೇರ ಕುಳಿತ ಮನುಷ್ಯನಲ್ಲಿ ಹೃದಯ ಮೇಲಿದೆ, ತೊಡೆ, ಮೀನಖಂಡ ಕೆಳಗಿವೆ. ನಡುವೆ ರಕ್ತದ ಕಂಬವೊಂದು ನಿಂತಿದೆ. ಒಂದು ಮೀಟರ್ ಕೆಳಗಿಳಿದರೆ ಆ ಕಂಬದ ತೂಕ ಸುಮಾರು 77 ಮಿ.ಮೀ. ಪಾದರಸದಷ್ಟು ಒತ್ತಡ ಕೂಡಿಸುತ್ತದೆ. ಹೃದಯ ತಾನಾಗಿ ಕೊಡುವ ಸರಾಸರಿ ಒತ್ತಡ 90ರ ಆಸುಪಾಸು. ಎಂದರೆ ನಿಂತವನ ಪಾದದ ಹತ್ತಿರ ಭೂಮಿಯ ಪಾಲು ಹೃದಯದ ಪಾಲಿಗೆ ಹೆಚ್ಚುಕಡಿಮೆ ಸಮ! ಮಲಗಿದ ಕೂಡಲೇ ಕಂಬ ಅಡ್ಡ ಬೀಳುತ್ತದೆ. ಗೇಜ್ ಇಳಿಯುತ್ತದೆ.

ಇಲ್ಲೊಂದು ತಕರಾರು ಏಳಬಹುದು. ಕೆಳಗಿಳಿದ ರಕ್ತ ಹಿಂದಿರುಗುವಾಗ ಅದೇ ಎತ್ತರವನ್ನು ಹತ್ತಬೇಕಲ್ಲ, ಲಾಭವೆಲ್ಲಿ? ಸುಮ್ಮನೆ ನಿಂತವನಿಗೆ ಲಾಭವಿಲ್ಲ, ನಿಜ. ಅವನ ಪಾದದ ಸಿರೆಗಳೂ ಅಷ್ಟೇ ತುಂಬಿ ಬಿಗಿದಿರುತ್ತವೆ. ತುಳಿಯತೊಡಗಿದಾಗ ಕತೆ ಬದಲಾಗುತ್ತದೆ. ಸ್ನಾಯು ಬಿಗಿದಾಗಲೆಲ್ಲ ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಒಳಗಿನ ಕವಾಟಗಳು ಅದನ್ನು ಕೆಳಗೆ ಜಾರಗೊಡವು. ಸಡಿಲಿಸಿದಾಗ ಸಿರೆ ಖಾಲಿ. ಮೇಲಿನಿಂದ ಕಂಬದ ಒತ್ತಡ, ಕೆಳಗೆ ಖಾಲಿ ಜಾಗ: ರಕ್ತ ನುಗ್ಗಿ ಬರುತ್ತದೆ. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತುತ್ತದೆಂದು ಸಾಧಿಸಿದಾಗ ಆಧಾರಕ್ಕಿಟ್ಟುಕೊಂಡದ್ದೂ ಈ ಕವಾಟಗಳನ್ನೇ. ಮೀನಖಂಡವನ್ನು ಎರಡನೆಯ ಹೃದಯ ಎನ್ನುವುದು ಸುಮ್ಮನೆ ಅಲ್ಲ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಇದು: ಮಲಗಿದಾಗ ಹೃದಯಕ್ಕೆ ಬರಗಾಲವಿಲ್ಲ. ಕಾಲಿನ ರಕ್ತ ಸುಲಭವಾಗಿ ಹಿಂದಿರುಗುವುದರಿಂದ ಅದು ಬಡಿತಕ್ಕೊಮ್ಮೆ ಹೆಚ್ಚು ರಕ್ತವನ್ನೇ ಹೊರಹಾಕುತ್ತದೆ. ಮೇಲ್ಭಾಗದಲ್ಲಿ ಕಾಲುವೆ ತುಂಬಿದೆ, ಕೊನೆಭಾಗದಲ್ಲಿ ಬಾಯಾರಿಕೆ. ಇದನ್ನು ಹೇಳಿದಾಗ ಮಾಮ ಬಹಳ ಹೊತ್ತು ಸುಮ್ಮನಿದ್ದ.

ಚಿಕ್ಕಂದಿನಲ್ಲಿ ನಾವು ದೇವದುರ್ಗದಲ್ಲಿದ್ದೆವು. ತಾಸಿನ ಬಾಡಿಗೆಗೆ ದೊಡ್ಡವರ ಸೈಕಲ್ ತಂದು, ಬಾರಿನ ಕೆಳಗಿಂದ ಕಾಲು ತೂರಿಸಿ, ಮೈಯನ್ನು ಡೊಂಕಾಗಿಸಿಕೊಂಡು ಕಲಿತವರು. ಏರು ಬಂದರೆ ಸೀಟು ಬಿಟ್ಟು ಎದ್ದು ನಿಲ್ಲುತ್ತಿದ್ದೆವು. ಸಮತಟ್ಟು ರಸ್ತೆಯಲ್ಲಿ ಹಾಗೆ ನಿಂತು ತುಳಿದರೆ ಮೈಭಾರ ಹೊರುವ ಖರ್ಚೂ ಸೇರಿ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಕಡಿದಾದ ಏರಿನಲ್ಲಿ ಆ ವ್ಯತ್ಯಾಸ ಬಹುಪಾಲು ಕರಗಿಹೋಗುತ್ತದೆ. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕಾಲಿಗೇ ಗೊತ್ತಿತ್ತು. ಕಾಲಿನ ದುಡಿಮೆಗೆ ಇನ್ನೂ ಹಳೆಯ ಸಾಕ್ಷಿಯಿದೆ. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ, 41 ಅಡಿ ಉದ್ದದ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆಯುವ, ಹಿಂದಿನಿಂದ ಆಳುಗಳು ಸನ್ನೆಗೋಲು ಕೊಟ್ಟು ನೂಕುವ ದೃಶ್ಯವನ್ನು ಗೋಡೆಯಲ್ಲಿ ಕೆತ್ತಿದ್ದಾರೆ. ಆ ಕೆತ್ತನೆಯ ಮುಂದೆ ಈಗ ನಿಂತರೆ ನನ್ನ ಕಣ್ಣು ಆಳುಗಳ ಕಾಲಿಗೇ ಹೋಗುತ್ತದೆ. ಹೆಸರಿಲ್ಲದ ಆ ಕಾಲುಗಳಿಗೂ ಭೂಮಿ ಹೀಗೆಯೇ ರಕ್ತ ಇಳಿಸಿಕೊಟ್ಟಿತ್ತು.

ಭೂಮಿಯ ಸೆಳೆತ ಅನುಭವಕ್ಕೇ ಬಾರದ ಕಡೆ ಏನಾಗುತ್ತದೆ? ಅಂತರಿಕ್ಷ ನಿಲ್ದಾಣದಲ್ಲೂ ವ್ಯಾಯಾಮಕ್ಕೆ ಸೈಕಲ್ ಇದೆ. ಅದಕ್ಕೆ ಸೀಟಿಲ್ಲ, ಕೂರುವ ಭಾರವೇ ಇಲ್ಲದವರಿಗೆ ಸೀಟೇಕೆ? ಅಲ್ಲಿ ರಕ್ತದ ಕಂಬವೂ ಇಲ್ಲ. ಮುಖ ಊದುತ್ತದೆ, ಕಾಲು ಸಣಕಲಾಗುತ್ತದೆ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿದ, ಸ್ನಾಯುಕೋಶಗಳ ಬೆಳವಣಿಗೆಯ ಪ್ರಯೋಗವನ್ನೂ ಒಯ್ದಿದ್ದರು. ನೆಲವನ್ನು ಬಿಟ್ಟ ಮೇಲೆಯೇ ನೆಲ ನಮಗೆ ಏನೇನು ಮಾಡಿಕೊಡುತ್ತಿತ್ತೆಂದು ಲೆಕ್ಕ ಸಿಗುವುದು.

ಸೆಳೆತ ರಕ್ತವನ್ನು ಸ್ನಾಯುವಿನ ಬಾಗಿಲವರೆಗೆ ತಂದಿತು. ಒಳಗೆ ಇನ್ನೂ ದೊಡ್ಡ ಸೋಜಿಗ. ಕೆಲವು ಲೋಮನಾಳಗಳು ಎಷ್ಟು ಸಪೂರವೆಂದರೆ ಕೆಂಪು ರಕ್ತಕಣ ಮೈ ಮಡಿಸಿಕೊಂಡು ಹಾಯಬೇಕು. ದುಡಿಯುವ ಸ್ನಾಯುವಿನಲ್ಲಿ ಆಮ್ಲ, ಇಂಗಾಲದ ಡೈಆಕ್ಸೈಡ್, ಕಾವು ಹೆಚ್ಚು. ಅವು ಹೆಚ್ಚಾದಲ್ಲಿ ಹಿಮೋಗ್ಲೋಬಿನ್ ತನ್ನ ಹಿಡಿತ ಸಡಿಲಿಸಿ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಇಂಗಾಲದ ಡೈಆಕ್ಸೈಡಿನ ಈ ಗುಣವನ್ನು 1904ರಲ್ಲಿ ಕೋಪನ್‌ಹೇಗನ್‌ನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು ಕಂಡರು. ಬೇಡಿದವರಿಗೆ ಬೇಡಿದಷ್ಟು, ಕಾವಲುಗಾರನಿಲ್ಲದೆ. ಇಷ್ಟಾಗಿ ಆ ಆಮ್ಲಜನಕ ಜೀವಕೋಶದೊಳಗೆ ಕಡೆಗೆ ಏನಾಗುತ್ತದೆ ಗೊತ್ತೇ? ಹೈಡ್ರೋಜನ್ ಕೂಡಿಕೊಂಡು ನೀರಾಗುತ್ತದೆ. ಮತ್ತು ಅದು ಮೊದಲು ಹುಟ್ಟಿದ್ದೂ ನೀರಿನಿಂದಲೇ. ಬಿಸಿಲಲ್ಲಿ ಎಲೆ ನೀರನ್ನು ಒಡೆದು ಗಾಳಿಗೆ ಬಿಟ್ಟದ್ದು. ಮಾನ್ವಿಯ ಭತ್ತದ ಗದ್ದೆ ಕಾಲುವೆಯ ನೀರು ಕುಡಿದು ಬಿಡುವ ಉಸಿರು ಲೋಕದ ಗಾಳಿಯಲ್ಲೆಲ್ಲ ಬೆರೆತುಹೋಗುತ್ತದೆ, ಯಾರ ತೊಡೆಯಲ್ಲಿ ಯಾವಾಗ ಮತ್ತೆ ನೀರಾಗುವುದೋ ಯಾರು ಬಲ್ಲರು.

ಮರುದಿನ ವ್ಯಾಯಾಮದ ಹುಡುಗಿ ಮಂಚದ ತಲೆಭಾಗವನ್ನು ಎತ್ತಿ, “ಇವತ್ತು ಎದ್ದು ಕುಂದರ್ರಿ ಅಜ್ಜಾರ, ಕಾಲು ಕೆಳಗ ಬಿಡ್ರಿ” ಎಂದಳು. ಮಾಮ ಅಂಚಿಗೆ ಸರಿದು ಎರಡೂ ಕಾಲು ಇಳಿಬಿಟ್ಟ. ದಿಂಬಿನ ಮೇಲಿದ್ದು ಬಿಳಿಚಿಕೊಂಡಿದ್ದ ಪಾದದ ಬೆರಳುಗಳಿಗೆ ಮೆಲ್ಲಗೆ ಕೆಂಪು ಏರತೊಡಗಿತು. ಅವನೂ ಬಗ್ಗಿ ಅದನ್ನೇ ನೋಡುತ್ತಿದ್ದ.

“ನೀರು ಬಂತು ನೋಡು ತಮ್ಮಾ,” ಎಂದ.